ಹುಲ್ಲಿಗೋ ಗಿಡಕ್ಕೋ: ಬರದ ಬೇಸಗೆಯ ನೀರಿನ ಲೆಕ್ಕ

ಈ ತಿಂಗಳ ಅಂಚೆಯಲ್ಲಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಚಿಂತೆಯವು. ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿದೆ, ಬಾವಿಯ ತಳ ಕಾಣುತ್ತಿದೆ, ಅಂಗಳದ ಹಸಿರನ್ನು ಏನು ಮಾಡುವುದು ಎಂದು ಓದುಗರು ಕೇಳಿದ್ದಾರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆಯಿಂದ ಇಂಥ ಪತ್ರಗಳು ಬರುವುದು ಹೊರಗಿನವರಿಗೆ ವಿಚಿತ್ರವೆನಿಸಬಹುದು. ಆದರೆ ಆ ಮಳೆಯ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಹೊಳೆ ಸೇರುತ್ತದೆ, ಘಟ್ಟದ ಅಂಚಿನಿಂದ ಪೂರ್ವಕ್ಕೆ ಸರಿದಂತೆಲ್ಲ ಅದರ ಪ್ರಮಾಣವೂ ಬೇಗ ಬೇಗ ಕುಗ್ಗುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿದಾಗ ಆ ಪಟ್ಟಿಯಲ್ಲಿ ಮಲೆನಾಡಿನ ತಾಲ್ಲೂಕುಗಳೂ ಇದ್ದವು. ಹಾಗಾಗಿ ಈ ಸಂಚಿಕೆಯ ಪುಟವನ್ನು ಪೂರ್ತಿಯಾಗಿ ನೀರಿಗೇ ಬಿಟ್ಟಿದ್ದೇವೆ.

ಪ್ರಶ್ನೆ: ವಿನೋಬನಗರದ ನಮ್ಮ ಮನೆಯ ಮುಂದೆ ಸುಮಾರು ಸಾವಿರ ಚದರ ಅಡಿ ಹುಲ್ಲುಹಾಸು ಇದೆ. ಅದರ ಅಂಚಿನಲ್ಲಿ ಎರಡು ವರ್ಷದ ಹಿಂದೆ ನೆಟ್ಟ ಒಂದು ಸಂಪಿಗೆ ಮತ್ತು ಎರಡು ಹೊಂಗೆ ಸಸಿಗಳಿವೆ. ದಿನವೂ ಸಂಜೆ ಪೈಪಿನಲ್ಲಿ ನೀರು ಹಾಯಿಸುವುದು ರೂಢಿ. ಈಗ ಪಕ್ಕದ ಮನೆಯವರು ಆಕ್ಷೇಪಿಸುತ್ತಿದ್ದಾರೆ. ಹುಲ್ಲು ಒಣಗಿದರೆ ಮತ್ತೆ ಹಾಸಲು ಬಹಳ ಖರ್ಚಾಗುತ್ತದೆ. ಇರುವ ನೀರಿನಲ್ಲಿ ಯಾವುದನ್ನು ಉಳಿಸಿಕೊಳ್ಳಲಿ?
— ನಿವೃತ್ತ ಅಧ್ಯಾಪಕರು, ಶಿವಮೊಗ್ಗ

ಉತ್ತರ: ಸಸಿಗಳನ್ನು ಉಳಿಸಿಕೊಳ್ಳಿ, ಹುಲ್ಲು ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ನಿಮ್ಮ ನೆರೆಯವರ ಆಕ್ಷೇಪದಲ್ಲಿ ಹುರುಳಿದೆ ಎಂಬುದು ಲೆಕ್ಕ ಹಾಕಿದರೆ ನಿಮಗೇ ತಿಳಿಯುತ್ತದೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿ.ಮೀ. ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಸಾವಿರ ಚದರ ಅಡಿ ಎಂದರೆ ಸುಮಾರು 93 ಚದರ ಮೀಟರ್. ಮಾರ್ಚ್–ಏಪ್ರಿಲ್‌ನ ಬಿಸಿಲಿನಲ್ಲಿ ಹುಲ್ಲು ಮತ್ತು ಮಣ್ಣು ಸೇರಿ ದಿನಕ್ಕೆ 5 ಮಿ.ಮೀ. ಆಸುಪಾಸು ನೀರನ್ನು ಗಾಳಿಗೆ ಬಿಡುತ್ತವೆ ಎಂದಿಟ್ಟುಕೊಂಡರೆ, ಹುಲ್ಲನ್ನು ಹಸಿರಾಗಿಯೇ ಇಡಲು ದಿನಕ್ಕೆ 465 ಲೀಟರ್ ಬೇಕು. ಒಳಚರಂಡಿ ಇರುವ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಒದಗಿಸಬೇಕೆಂಬುದು ನಮ್ಮ ದೇಶದ ಮಾನದಂಡ. ನಾಲ್ಕು ಜನರ ಮನೆಗೆ ಅದು 540 ಲೀಟರ್ ಆಗುತ್ತದೆ. ಒಂದು ಸಂಸಾರದ ಸ್ನಾನ, ಅಡುಗೆ, ಬಟ್ಟೆ, ಪಾತ್ರೆ ಎಲ್ಲಕ್ಕೂ ಸಾಲುವಷ್ಟು ನೀರನ್ನು ನಿಮ್ಮ ಹುಲ್ಲುಹಾಸೊಂದೇ ಹೆಚ್ಚು ಕಡಿಮೆ ಕುಡಿದುಬಿಡುತ್ತಿದೆ. ನೀವು ನಿಜವಾಗಿ ಎಷ್ಟು ಬಿಡುತ್ತಿದ್ದೀರಿ ಎಂದು ತಿಳಿಯಬೇಕಾದರೆ ಪೈಪನ್ನು ಒಂದು ಬಕೆಟ್ಟಿಗೆ ಹಿಡಿದು ಗಡಿಯಾರ ನೋಡಿ. 15 ಲೀಟರ್‌ ಬಕೆಟ್ಟು ಒಂದು ನಿಮಿಷದಲ್ಲಿ ತುಂಬಿದರೆ, ಅರ್ಧ ಗಂಟೆ ಪೈಪು ಹಿಡಿದು ನಿಂತಾಗ 450 ಲೀಟರ್ ಖರ್ಚಾಗಿರುತ್ತದೆ.

ಹುಲ್ಲು ಹಳದಿಯಾದರೆ ಸತ್ತಿತೆಂದು ಬಹಳ ಜನ ತಿಳಿಯುತ್ತಾರೆ. ನಮ್ಮ ಗರಿಕೆಯ ಸ್ವಭಾವವೇ ಬೇರೆ. ನೀರು ತಪ್ಪಿದಾಗ ಅದು ಮೇಲಿನ ಎಲೆಗಳನ್ನು ಒಣಗಲು ಬಿಟ್ಟು, ಬುಡದಲ್ಲಿ ಮತ್ತು ನೆಲದೊಳಗಿನ ಕಾಂಡದಲ್ಲಿ ಜೀವ ಹಿಡಿದು ಕೂರುತ್ತದೆ. ಮಳೆ ಹಿಡಿದ ಕೆಲವೇ ದಿನಗಳಲ್ಲಿ ಮತ್ತೆ ಚಿಗುರುತ್ತದೆ. ನರ್ಸರಿಗಳಲ್ಲಿ ಕೊರಿಯನ್ ಹುಲ್ಲು ಎಂದು ಮಾರುವ ತಳಿಯೂ ಸಾಕಷ್ಟು ತಾಳಿಕೊಳ್ಳುತ್ತದೆ. ಅಗಲ ಎಲೆಯ ಬಫೆಲೊ ಹುಲ್ಲು ಮಾತ್ರ ಸ್ವಲ್ಪ ಮೆದು. ಅನುಮಾನವಿದ್ದರೆ ಒಂದು ಹಿಡಿ ಹುಲ್ಲನ್ನು ಬುಡಸಮೇತ ಕಿತ್ತು, ನೆಲದೊಳಗಿದ್ದ ಕಾಂಡವನ್ನು ಉಗುರಿನಿಂದ ಗೀರಿ ನೋಡಿ. ಒಳಗೆ ಬೆಳ್ಳಗೆ, ಗಟ್ಟಿಯಾಗಿ, ತುಸು ತೇವವಾಗಿದ್ದರೆ ಜೀವವಿದೆ. ಕಂದುಬಣ್ಣಕ್ಕೆ ತಿರುಗಿ ಪುಡಿಯಾದರೆ ಇಲ್ಲ. ಆ ಜೀವವನ್ನು ಕಾಯಲು ಮೂರು ನಾಲ್ಕು ವಾರಕ್ಕೊಮ್ಮೆ ಸುಮಾರು 12 ಮಿ.ಮೀ. ನೀರು, ಅಂದರೆ ನಿಮ್ಮ ಹುಲ್ಲುಹಾಸಿಗೆ ಒಟ್ಟು 1,100 ಲೀಟರ್ ಸಾಕು. ದಿನವೂ ಹಾಯಿಸಿದರೆ ತಿಂಗಳಿಗೆ 14,000 ಲೀಟರ್ ಬೇಕಾಗುವ ಜಾಗ ಅದು. ಬೇಸಗೆ ಕಳೆಯುವವರೆಗೆ ಹುಲ್ಲನ್ನು ಎರಡು ಅಂಗುಲಕ್ಕಿಂತ ಗಿಡ್ಡವಾಗಿ ಕತ್ತರಿಸಬೇಡಿ, ಯೂರಿಯಾ ಹಾಕಬೇಡಿ, ಅದರ ಮೇಲೆ ವಾಹನ ನಿಲ್ಲಿಸಬೇಡಿ. ಎಲೆಯಿಲ್ಲದ ಕಾಲದಲ್ಲಿ ತುಳಿತಕ್ಕೆ ಸಿಕ್ಕ ಬುಡ ಮತ್ತೆ ಏಳುವುದು ಕಷ್ಟ.

ಇನ್ನು ಸಸಿಗಳ ವಿಷಯ. ಹುಲ್ಲು ಹಳದಿಯಾದ ದೂರಿನ ಪತ್ರ ಮರುವಾರವೇ ನಮ್ಮ ಕೈ ಸೇರುತ್ತದೆ. ಮರದ್ದು ಹಾಗಲ್ಲ. ಬರದಲ್ಲಿ ಬೇರು ಸತ್ತ ಮರ ಒಂದೆರಡು ಮಳೆಗಾಲ ಹೇಗೋ ನಿಂತು, ಆಮೇಲೆ ತುದಿಯಿಂದ ಒಣಗತೊಡಗುತ್ತದೆ, ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ. ನಿಮ್ಮ ಹೊಂಗೆಗಳು ಗಟ್ಟಿ ಜಾತಿಯವು, ಎರಡು ವರ್ಷ ದಾಟಿವೆ; ಎರಡು ವಾರಕ್ಕೊಮ್ಮೆ ಚೆನ್ನಾಗಿ ನೀರುಣಿಸಿದರೆ ಬದುಕುತ್ತವೆ. ಸಂಪಿಗೆ ತೇವ ಬಯಸುವ ಮರ, ಅದಕ್ಕೆ ಪ್ರತಿವಾರ ಬೇಕು. ಕಾಂಡ ಒಂದು ಅಂಗುಲ ದಪ್ಪವಿದ್ದರೆ ವಾರಕ್ಕೆ 40 ಲೀಟರ್ ಆಸುಪಾಸು, ಅದೂ ಒಂದೇ ಸಲಕ್ಕೆ ಸುರಿಯದೆ ಬೆಳಿಗ್ಗೆ ಅರ್ಧ, ಅದು ಇಂಗಿದ ಮೇಲೆ ಉಳಿದರ್ಧ ಎಂದು ಕೊಡಿ. ದಿನವೂ ಒಂದು ಚೊಂಬು ಹಾಕಿದರೆ ಮೇಲಿನ ಅಂಗುಲ ಮಣ್ಣು ಮಾತ್ರ ನೆನೆಯುತ್ತದೆ, ಬೇರೂ ಅಲ್ಲಿಗೇ ಬಂದು ಕುಳಿತು, ಒಂದು ದಿನ ನೀರು ತಪ್ಪಿದರೂ ಬಾಡುತ್ತದೆ. ಇದಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ: ಪ್ರತಿ ಸಸಿಯ ಸುತ್ತ ಎರಡರಿಂದ ಮೂರು ಅಡಿ ದೂರದವರೆಗೆ ಹುಲ್ಲನ್ನು ಕೆತ್ತಿ ತೆಗೆಯಿರಿ. ಸಸಿಗೆಂದು ಹಾಕಿದ ನೀರಿನಲ್ಲಿ ಮೊದಲ ಪಾಲನ್ನು ಎಳೆದುಕೊಳ್ಳುವುದು ಈ ಹುಲ್ಲೇ. ಆಮೇಲೆ ಕಾಂಡಕ್ಕೆ ತಾಗದಂತೆ, ಕೊಂಬೆಗಳ ನೆರಳಿನ ಅಂಚಿಗೆ ಸರಿಯಾಗಿ ಪಾತಿ ಮಾಡಿ, ಅದರ ಮೇಲೆ ತರಗೆಲೆಯನ್ನು ನಾಲ್ಕು ಬೆರಳು ದಪ್ಪಕ್ಕೆ ಹೊದಿಸಿ.

ನೀರು ಎಷ್ಟು ಆಳಕ್ಕೆ ಇಳಿಯಿತೆಂದು ನೋಡಲು ತೆಳುವಾದ ಕಬ್ಬಿಣದ ಸರಳು ಸಾಕು. ನೀರು ಹಾಕಿದ ಮಾರನೆಯ ದಿನ ಅದನ್ನು ಪಾತಿಯೊಳಗೆ ಒತ್ತಿದರೆ ತೇವವಿರುವಷ್ಟು ಆಳ ಸಲೀಸಾಗಿ ಇಳಿದು, ಒಣ ಮಣ್ಣು ಸಿಕ್ಕಲ್ಲಿ ತಡೆಯುತ್ತದೆ. ಒಂದು ಅಡಿ ಇಳಿದರೆ ನೀರು ಸರಿಯಾಗಿದೆ. ಜಂಬಿಟ್ಟಿಗೆಯ ಚೂರುಗಳಿರುವ ಮಣ್ಣಿನಲ್ಲಿ ಸರಳು ಕಲ್ಲಿಗೆ ತಾಗಿಯೂ ನಿಲ್ಲುವುದರಿಂದ ಎರಡು ಮೂರು ಕಡೆ ಚುಚ್ಚಿ ನೋಡಬೇಕು. ಇಂಥ ಮಣ್ಣು ನೀರನ್ನು ಬೇಗ ಕುಡಿಯುತ್ತದೆ, ಬೇಗ ಕೆಳಕ್ಕೂ ಬಿಡುತ್ತದೆ. ಆದ್ದರಿಂದ ನಮ್ಮಲ್ಲಿ ಮಡಕೆ ಹುಗಿಯುವ ವಿಧಾನ ಬಹಳ ಚೆನ್ನಾಗಿ ಒಗ್ಗುತ್ತದೆ. ಕುಡಿಯುವ ನೀರಿಗೆಂದು ಸಂತೆಯಲ್ಲಿ ಸಿಗುವ, ಬಣ್ಣ ಬಳಿಯದ ಮಡಕೆಯನ್ನು ಸಸಿಯಿಂದ ಒಂದೂವರೆ ಅಡಿ ದೂರದಲ್ಲಿ ಬಾಯಿ ಮಾತ್ರ ಕಾಣುವಂತೆ ಹುಗಿದು, ನೀರು ತುಂಬಿ, ಮೇಲೆ ಒಂದು ಹಂಚಿನ ತುಂಡು ಮುಚ್ಚಬೇಕು. ಮಣ್ಣು ಒಣಗಿದಷ್ಟೂ ಮಡಕೆ ನೀರು ಬಿಡುತ್ತದೆ; ಮಣ್ಣು ತೇವವಿದ್ದರೆ ತಾನಾಗಿ ನಿಲ್ಲಿಸುತ್ತದೆ. ಎರಡು ಸಾವಿರ ವರ್ಷಗಳಷ್ಟು ಹಿಂದಿನ ಚೀನೀ ಕೃಷಿಗ್ರಂಥದಲ್ಲಿಯೇ ಈ ಕ್ರಮದ ವರ್ಣನೆ ಇದೆ. ಕೊಳ್ಳುವಾಗ ನೀರು ತುಂಬಿ ಸ್ವಲ್ಪ ಹೊತ್ತು ಬಿಟ್ಟು, ಹೊರಮೈ ಬೆವರುತ್ತದೆಯೇ ಎಂದು ನೋಡಿ ತನ್ನಿ. ಬೆವರದ ಮಡಕೆ ಈ ಕೆಲಸಕ್ಕೆ ಬರುವುದಿಲ್ಲ.

ಪ್ರಶ್ನೆ: ನಮ್ಮ ಅತ್ತೆಯವರು ಬಚ್ಚಲ ನೀರನ್ನು ಮೊದಲಿನಿಂದಲೂ ಬಸಳೆ ಚಪ್ಪರಕ್ಕೆ, ಬಾಳೆಗೆ ಬಿಡುತ್ತಾ ಬಂದಿದ್ದಾರೆ. ಈಗ ವಾಷಿಂಗ್ ಮಷೀನ್ ಬಂದಿದೆ. ಅದರ ನೀರನ್ನೂ ಆಂಥೂರಿಯಂ ಕುಂಡಗಳಿಗೆ ಹಾಕಬಹುದೆಂದು ನಾನೆಂದರೆ, ಗಿಡ ಸುಟ್ಟುಹೋಗುತ್ತದೆ ಎಂದು ಅವರು ಹೇಳುತ್ತಾರೆ. ಯಾರ ಮಾತು ಸರಿ?
— ಗೃಹಿಣಿ, ತೀರ್ಥಹಳ್ಳಿ

ಉತ್ತರ: ಈ ವಿಷಯದಲ್ಲಿ ನಾವು ನಿಮ್ಮ ಅತ್ತೆಯವರ ಪಕ್ಷ. ಬಚ್ಚಲ ಹಿಂದೆ ಬಸಳೆ, ಕೆಸು, ಬಾಳೆ ಬೆಳೆಸುವುದು ಮಲೆನಾಡಿನ ಮನೆಗಳ ಹಳೆಯ ಪದ್ಧತಿ. ಆದರೆ ಆ ಪದ್ಧತಿ ಬೆಳೆದದ್ದು ಸೀಗೆಕಾಯಿ, ಅಂಟುವಾಳದ ಕಾಲದಲ್ಲಿ ಎಂಬುದನ್ನು ಮರೆಯುವಂತಿಲ್ಲ. ಬಟ್ಟೆ ತೊಳೆಯುವ ಪುಡಿಯಲ್ಲಿ ಸೋಡಿಯಂ ಲವಣಗಳು ಧಾರಾಳವಾಗಿರುತ್ತವೆ, ಆ ನೀರು ಕ್ಷಾರೀಯವೂ ಆಗಿರುತ್ತದೆ. ಸೋಡಿಯಂ ಹೆಚ್ಚಾದ ಮಣ್ಣಿನಲ್ಲಿ ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡಿರುವ ಗುಣ ಕಳೆದುಕೊಂಡು ಬಿಡಿಬಿಡಿಯಾಗಿ, ಮಣ್ಣಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ. ಆಮೇಲೆ ನೀರು ಇಂಗದೆ ಮೇಲೆಯೇ ನಿಲ್ಲುತ್ತದೆ, ಒಣಗಿದಾಗ ನೆಲ ಹೆಪ್ಪಳಿಕೆಗಟ್ಟುತ್ತದೆ. ನೆಲದಲ್ಲಿರುವ ಗಿಡಕ್ಕೆ ಇದು ನಿಧಾನದ ತೊಂದರೆ, ಅಲ್ಲದೆ ಮಲೆನಾಡಿನ ಮಳೆಗಾಲ ವರ್ಷಕ್ಕೊಮ್ಮೆ ಈ ಉಪ್ಪನ್ನೆಲ್ಲ ತೊಳೆದು ಕೆಳಕ್ಕೆ ಇಳಿಸುತ್ತದೆ. ಬಯಲುಸೀಮೆಯವರಿಗೆ ಆ ಅನುಕೂಲವಿಲ್ಲ. ಕುಂಡದಲ್ಲಿರುವ ಗಿಡಕ್ಕೆ ತೊಂದರೆ ಬೇಗ. ಆಂಥೂರಿಯಂ ಸ್ವಲ್ಪ ಹುಳಿಯಂಶವಿರುವ, ಸಡಿಲವಾದ ಮಿಶ್ರಣದಲ್ಲಿ ಬೆಳೆಯುವ ಗಿಡ, ಉಪ್ಪಿಗೆ ಅದರ ಬೇರು ಬಹಳ ಸೂಕ್ಷ್ಮ. ಎಲೆಯ ಅಂಚು ಸುಟ್ಟಂತಾಗುವುದು ಅದರ ಮೊದಲ ಗುರುತು, ನಿಮ್ಮ ಅತ್ತೆಯವರು ಅದನ್ನೇ ಕಂಡಿರಬೇಕು.

ಹಾಗೆಂದು ಯಂತ್ರದ ನೀರನ್ನೆಲ್ಲ ಚರಂಡಿಗೆ ಬಿಡಬೇಕಾಗಿಲ್ಲ. ಮೊದಲು ಹೊರಬರುವ ನೊರೆನೀರನ್ನು ಬಿಟ್ಟು, ಕೊನೆಯ ಜಾಲಾಟದ ನೀರನ್ನು ಬಕೆಟ್ಟಿಗೆ ಹಿಡಿದು ಬಾಳೆ, ತೆಂಗು, ಕಾಬಾಳೆ, ದಾಸವಾಳಗಳಿಗೆ ಸರದಿಯ ಮೇಲೆ ಹಾಕಿ. ಒಂದೇ ಗಿಡಕ್ಕೆ ದಿನವೂ ಬೇಡ. ಪುಡಿಯ ಬದಲು ದ್ರವರೂಪದ ಮಾರ್ಜಕ ಬಳಸಿದರೆ ಸೋಡಿಯಂ ಸಾಮಾನ್ಯವಾಗಿ ಕಡಿಮೆ. ಬ್ಲೀಚ್ ಹಾಕಿದ ದಿನದ ನೀರು, ಮಗುವಿನ ಹೊಲಸು ಬಟ್ಟೆ ತೊಳೆದ ನೀರು, ಜಿಡ್ಡಿನ ಪಾತ್ರೆ ತೊಳೆದ ನೀರು ಗಿಡಕ್ಕೆ ಬೇಡವೇ ಬೇಡ. ಸ್ನಾನದ ನೀರು ಇವೆಲ್ಲಕ್ಕಿಂತ ವಾಸಿ. ಬಸಳೆಯನ್ನು ಬೇಯಿಸಿ ತಿನ್ನುವುದರಿಂದ, ಎಲೆಗೆ ತಾಗದಂತೆ ಬುಡಕ್ಕೆ ಬಿಟ್ಟರೆ ಚಿಂತೆಯಿಲ್ಲ. ಹಸಿಯಾಗಿ ಬಳಸುವ ಕೊತ್ತಂಬರಿ, ಪುದೀನಗಳಿಗೆ ಬಳಸಬಾರದು. ಯಾವ ಬಚ್ಚಲ ನೀರನ್ನೂ ಒಂದು ದಿನಕ್ಕಿಂತ ಹೆಚ್ಚು ಸಂಗ್ರಹಿಸಿಡಬಾರದು, ಕೊಳೆತು ನಾರುತ್ತದೆ. ಹನಿ ನೀರಾವರಿಯ ಕೊಳವೆಗೂ ಅದನ್ನು ಹಾಯಿಸಬೇಡಿ. ಕೂದಲು, ನೂಲು, ಸೋಪಿನ ಜಿಡ್ಡು ಸೇರಿ ಡ್ರಿಪ್ಪರ್‌ಗಳ ಬಾಯಿ ಕಟ್ಟಿಕೊಳ್ಳುತ್ತದೆ. ನಿಮ್ಮ ಆಂಥೂರಿಯಂಗೆ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಇದೆಯಲ್ಲ, ಕುಂಡಗಳನ್ನು ಮರದ ನೆರಳಿಗೆ ಸರಿಸಿ ಒತ್ತೊತ್ತಾಗಿ ಇಟ್ಟರೆ ಅಷ್ಟರಲ್ಲೇ ಬೇಸಗೆ ಕಳೆಯಬಹುದು.

ಪ್ರಶ್ನೆ: ಅಡಿಕೆ ಸಿಪ್ಪೆಯನ್ನು ಹೂಗಿಡಗಳ ಬುಡಕ್ಕೆ ಹೊದಿಸಬಹುದೇ? ಗೆದ್ದಲು ಬರುತ್ತದೆಂದು ಹೆದರಿಸುತ್ತಾರೆ.
— ಓದುಗರು, ಸಾಗರ

ಉತ್ತರ: ಹೊದಿಸಬಹುದು; ರಸ್ತೆಬದಿಯಲ್ಲಿ ರಾಶಿ ಹಾಕಿ ಸುಡುವುದಕ್ಕಿಂತ ಸಾವಿರ ಪಾಲು ಮೇಲು. ಸುಲಿದ ಕೂಡಲೇ ತಂದ ಹಸಿ ಸಿಪ್ಪೆ ಮಾತ್ರ ಬೇಡ, ಅದು ಕೊಳೆಯುವಾಗ ಕಾವೇರುತ್ತದೆ, ನೊಣ ಕೂರುತ್ತದೆ. ಒಣಗಿಸಿದ ಅಥವಾ ಒಂದು ಮಳೆಗಾಲ ಕಂಡ ಹಳೆಯ ಸಿಪ್ಪೆಯನ್ನು ಮೂರು ಅಂಗುಲ ದಪ್ಪಕ್ಕೆ ಹರಡಿ. ನಾರು ಗಟ್ಟಿಯಾದ್ದರಿಂದ ತರಗೆಲೆಗಿಂತ ನಿಧಾನವಾಗಿ ಕರಗುತ್ತದೆ, ಬೇಸಗೆಯ ಮಟ್ಟಿಗೆ ಅದೇ ಗುಣ. ಕಾಂಡದ ಸುತ್ತ ಒಂದು ಗೇಣು ಜಾಗ ಬಿಟ್ಟಿದ್ದರೆ ಗೆದ್ದಲು ಹತ್ತುವುದು ಕಣ್ಣಿಗೆ ಬೀಳುತ್ತದೆ, ಮಣ್ಣಿನ ಸಾಲು ಕಂಡಲ್ಲಿ ಉಜ್ಜಿ ತೆಗೆದರಾಯಿತು.

ಪ್ರಶ್ನೆ: ನಮ್ಮ ಬಡಾವಣೆಯ ಉದ್ಯಾನಕ್ಕೆ ಒಂದು ಕೊಳವೆಬಾವಿಯೇ ಆಧಾರ. ಅದು ಈಗ ಅರ್ಧ ಗಂಟೆ ಓಡಿದರೆ ನಿಲ್ಲುತ್ತದೆ. ಸ್ಪ್ರಿಂಕ್ಲರ್‌ಗಳಿವೆ, ಒಂದು ಕಾರಂಜಿಯೂ ಇದೆ. ಬೆಂಗಳೂರಿನಂತೆ ಇಲ್ಲಿಯೂ ನಿರ್ಬಂಧ ಬರಬಹುದೇ? ಸಂಸ್ಕರಿಸಿದ ಕೊಳಚೆ ನೀರನ್ನು ಉದ್ಯಾನಕ್ಕೆ ತರಿಸಬಹುದೇ?
— ನಿವಾಸಿಗಳ ಸಂಘದ ಕಾರ್ಯದರ್ಶಿ, ಗೋಪಾಳ, ಶಿವಮೊಗ್ಗ

ಉತ್ತರ: 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು, ಕಾರಂಜಿಗೆ ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವನ್ನೂ ಮತ್ತೆ ತಪ್ಪಿದರೆ ಅದರ ಮೇಲೆ ದಿನಕ್ಕೆ 500 ರೂಪಾಯಿಯನ್ನೂ ಗೊತ್ತುಮಾಡಿತ್ತು. ತುಂಗೆಯ ದಡದ ನಮ್ಮ ಊರಿಗೆ ಗಾಜನೂರಿನ ಅಣೆಕಟ್ಟೆಯ ಆಸರೆ ಇದೆ ಎಂಬ ಧೈರ್ಯದಲ್ಲಿ ಆದೇಶಕ್ಕಾಗಿ ಕಾಯುತ್ತ ಕೂರುವುದಕ್ಕಿಂತ, ಸಂಘವೇ ಈ ವಾರ ಸಭೆ ಸೇರಿ ಕಾರಂಜಿಯನ್ನು ನಿಲ್ಲಿಸುವುದು ಮೇಲು. ನಿಮ್ಮ ಕೊಳವೆಬಾವಿ ಅರ್ಧ ಗಂಟೆಗೆ ನಿಲ್ಲುತ್ತಿದೆ ಎಂದರೆ ಒಳಗೆ ಒಸರುವುದಕ್ಕಿಂತ ವೇಗವಾಗಿ ನೀವು ಎತ್ತುತ್ತಿದ್ದೀರಿ ಎಂದರ್ಥ. ಇನ್ನೂ ಆಳಕ್ಕೆ ಕೊರೆಸುವ ಸಲಹೆ ಸಭೆಯಲ್ಲಿ ಖಂಡಿತ ಬರುತ್ತದೆ. ಸುತ್ತಲಿನ ಮನೆಗಳ ಕೊಳವೆಬಾವಿಗಳೂ ಅದೇ ಅಂತರ್ಜಲವನ್ನು ನಂಬಿಕೊಂಡಿರುವಾಗ, ಹೂವಿನ ಮಡಿಗಳಿಗಾಗಿ ಅದನ್ನು ಒಪ್ಪಬಾರದೆಂಬುದು ನಮ್ಮ ಅಭಿಪ್ರಾಯ.

ಸ್ಪ್ರಿಂಕ್ಲರ್‌ಗಳ ನೀರು ಎಲ್ಲಿ ಬೀಳುತ್ತಿದೆ ಎಂದು ಒಮ್ಮೆ ಅಳೆದು ನೋಡಿ. ಒಂದೇ ಅಳತೆಯ ಐದಾರು ಡಬ್ಬಿಗಳನ್ನು ಹುಲ್ಲಿನ ಮೇಲೆ ಬೇರೆ ಬೇರೆ ಕಡೆ ಇಟ್ಟು, ಕಾಲು ಗಂಟೆ ನೀರು ಬಿಟ್ಟು, ಪ್ರತಿ ಡಬ್ಬಿಯಲ್ಲಿ ನಿಂತ ನೀರನ್ನು ಅಳತೆಪಟ್ಟಿಯಿಂದ ನೋಡಿ. ಒಂದರಲ್ಲಿ 2 ಮಿ.ಮೀ., ಇನ್ನೊಂದರಲ್ಲಿ 9 ಮಿ.ಮೀ. ಎಂಬಂಥ ವ್ಯತ್ಯಾಸ ಕಂಡರೆ ಆಶ್ಚರ್ಯಪಡಬೇಡಿ. ಕಡಿಮೆ ಬೀಳುವ ಮೂಲೆ ಒಣಗುತ್ತದೆಂದು ಕಾವಲುಗಾರರು ಇಡೀ ಉದ್ಯಾನಕ್ಕೆ ನೀರು ಹೆಚ್ಚಿಸುತ್ತಾರೆ, ಪೋಲಾಗುವುದು ಹೀಗೆ. ಕಾಲುದಾರಿಯನ್ನು ತೋಯಿಸುತ್ತಿರುವ ಮೂತಿಗಳನ್ನು ತಿರುಗಿಸಿ ಅಥವಾ ಮುಚ್ಚಿ. ಗಾಳಿ ಏಳುವ ಮೊದಲು, ಬೆಳಗಿನ ಜಾವವೇ ನೀರು ಬಿಡಿ. ಮರಗಳಿಗೂ ಬೇಲಿಗಿಡಗಳಿಗೂ ಸ್ಪ್ರಿಂಕ್ಲರ್ ಬದಲು ಗಂಟೆಗೆ 4 ಅಥವಾ 8 ಲೀಟರ್‌ ಬಿಡುವ ಡ್ರಿಪ್ಪರ್‌ಗಳನ್ನು ಹಾಕಿಸುವುದು ಒಂದು ಬಾರಿಯ ಖರ್ಚು. ಬೇರು ಬಿಟ್ಟ ದೊಡ್ಡ ಮರಗಳಿಗೆ ತಿಂಗಳಿಗೊಮ್ಮೆ ಆಳವಾಗಿ ಉಣಿಸಿದರೆ ಸಾಕು, ಋತುವಿನ ಹೂಗಳನ್ನು ಈ ವರ್ಷ ಬಿಟ್ಟುಬಿಡಿ.

ಸಂಸ್ಕರಿಸಿದ ನೀರನ್ನು ಉದ್ಯಾನಕ್ಕೆ ಬಳಸುವುದು ಸರಿಯಾದ ದಾರಿಯೇ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ನಿಮ್ಮ ಹಂತದಲ್ಲಿ ಪಾಲಿಕೆಯ ಮೂಲಕ ಲಿಖಿತವಾಗಿ ಕೇಳಿ, ನೀರಿನ ಪರೀಕ್ಷಾ ವರದಿಯನ್ನೂ ಪಡೆಯಿರಿ. ಆ ನೀರಿನ ಕೊಳವೆ ಕುಡಿಯುವ ನೀರಿನ ಕೊಳವೆಗೆ ಎಲ್ಲಿಯೂ ಕೂಡಬಾರದು. ಬೇರೆ ಬೇರೆ ದೇಶಗಳಲ್ಲಿ ಅದಕ್ಕೆ ನೇರಳೆ ಬಣ್ಣ ಬಳಿದು ಗುರುತಿಸುತ್ತಾರೆ, ನೀವೂ ಹಾಗೆಯೇ ಮಾಡಿ, ನಲ್ಲಿಯ ಮೇಲೆ ಕುಡಿಯಬಾರದೆಂದು ಕನ್ನಡದಲ್ಲಿ ದೊಡ್ಡದಾಗಿ ಬರೆಸಿ. ಇದನ್ನು ಗಾಳಿಗೆ ಚಿಮ್ಮಿಸದೆ ಬುಡಕ್ಕೇ ಬಿಡಬೇಕು, ಮಕ್ಕಳು ಆಡುವ ಹುಲ್ಲಿಗೆ ಬಿಡಲೇಬಾರದು.

ಜೂನ್‌ನಲ್ಲಿ ಬೇಲಿ ಬದಲಿಸುವ ಯೋಚನೆಯಿದ್ದರೆ ಕೇಪಳ, ರತ್ನಗಂಧಿ, ನಂದಿಬಟ್ಟಲು, ಕಾಗದದ ಹೂಗಳನ್ನು ನೆಡಿ. ಕಣಗಿಲೆ ಬರವನ್ನು ಇವೆಲ್ಲಕ್ಕಿಂತ ಚೆನ್ನಾಗಿ ತಾಳುತ್ತದೆ, ಆದರೆ ಅದರ ಪ್ರತಿ ಭಾಗವೂ ವಿಷ; ಮಕ್ಕಳ ಆಟದ ಜಾಗದ ಹತ್ತಿರ ಬೇಡ. ಪರಿಸರ ದಿನವೆಂದು ಜೂನ್ 5ರಂದೇ ನೆಡಬೇಕೆಂಬ ಹಟವೂ ಬೇಡ. ಮೃಗಶಿರಾ ಮಳೆ ಹಿಡಿದು ನೆಲ ಒಂದು ಅಡಿ ನೆಂದ ಮೇಲೆ ನೆಟ್ಟ ಸಸಿಗೆ ಟ್ಯಾಂಕರ್ ನೀರು ತರಿಸುವ ಪ್ರಮೇಯ ಬರುವುದಿಲ್ಲ.

ಪ್ರಶ್ನೆ: ಡೇರೆ ಗೆಡ್ಡೆಗಳು ನೆಲದಲ್ಲೇ ಇವೆ. ಒಣಗದಂತೆ ನೀರು ಹಾಕಬೇಕೇ?
— ಓದುಗರು, ಹೊಸನಗರ

ಉತ್ತರ: ಬೇಡ. ಗಿಡ ಒಣಗಿದ ಮೇಲೆ ಗೆಡ್ಡೆಗೆ ವಿಶ್ರಾಂತಿಯ ಕಾಲ, ನೀರು ಹಾಕಿದರೆ ಕೊಳೆಯುತ್ತದೆ. ಅಗೆದು, ಮಣ್ಣು ಕೊಡವಿ, ಹಳೆಯ ಕಾಂಡದ ತುಂಡು ಉಳಿಸಿಕೊಂಡು, ಒಣ ಮರಳಿನಲ್ಲಿ ನೆರಳಿಗಿಡಿ. ಕಣ್ಣು ಇರುವುದು ಕಾಂಡ ಸೇರುವ ಜಾಗದಲ್ಲಿ. ಅದು ಮುರಿದರೆ ಗೆಡ್ಡೆ ಎಷ್ಟು ದಪ್ಪವಿದ್ದರೂ ಚಿಗುರದು.

ಪ್ರಶ್ನೆ: ಏಪ್ರಿಲ್–ಮೇ ತಿಂಗಳಲ್ಲಿ ಬರುವ ಅಡ್ಡಮಳೆಯ ನೀರನ್ನು ಡ್ರಮ್ಮಿನಲ್ಲಿ ಹಿಡಿದರೆ ಗಿಡಗಳಿಗೆ ಪ್ರಯೋಜನವಾದೀತೇ, ಅಥವಾ ಬರೀ ಸೊಳ್ಳೆ ಸಾಕಿದಂತಾದೀತೇ?
— ಬ್ಯಾಂಕ್ ಉದ್ಯೋಗಿ, ಭದ್ರಾವತಿ

ಉತ್ತರ: ಎರಡೂ ಆಗಬಹುದು, ಮುಚ್ಚಳದ ಮೇಲೆ ಹೋಗುತ್ತದೆ. 600 ಚದರ ಅಡಿಯ ಮಾಡಿನ ಮೇಲೆ 10 ಮಿ.ಮೀ.ನ ಒಂದು ಭರಣಿ ಮಳೆ ಬಿದ್ದರೆ, ಹಂಚು ಹೀರಿದ್ದು, ಚೆಲ್ಲಿದ್ದು ಕಳೆದು ಸುಮಾರು 450 ಲೀಟರ್ ನೀರು ಕೈಗೆ ಸಿಗುತ್ತದೆ. 200 ಲೀಟರ್‌ನ ಎರಡು ಡ್ರಮ್ಮು ತುಂಬಿ ಮಿಗುವಷ್ಟು. ಮೇಲೆ ಹೇಳಿದ ಸಂಪಿಗೆ ಸಸಿಯಂಥದ್ದಕ್ಕೆ ಎರಡು ತಿಂಗಳಿಗೂ ಮೀರಿ ಸಾಲುತ್ತದೆ. ತಿಂಗಳುಗಟ್ಟಲೆ ಒಣಗಿದ ಮಾಡಿನ ಮೇಲೆ ದೂಳು, ತರಗು ಕೂತಿರುವುದರಿಂದ ಮೊದಲ ಐದು ನಿಮಿಷದ ನೀರನ್ನು ಹೊರಗೆ ಬಿಟ್ಟು ಆಮೇಲೆ ಡ್ರಮ್ಮಿಗೆ ತಿರುಗಿಸಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ, ಒಂದು ವಾರ ಹತ್ತು ದಿನದಲ್ಲಿ ಮರಿ ಸೊಳ್ಳೆಯಾಗಿ ಹಾರುತ್ತದೆ. ಆದ್ದರಿಂದ ಬಾಯಿಗೆ ಒತ್ತಾದ ಬಲೆಬಟ್ಟೆಯನ್ನು ಎರಡು ಮಡಿಕೆ ಹಾಕಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಸುತ್ತ ಬಿಗಿದು, ಅದರ ಮೇಲೆ ಮುಚ್ಚಳವಿಡಿ. ಮಳೆಯ ಪೈಪು ಬಲೆಯ ಮೇಲೆ ಬಂದು ನಿಲ್ಲಬೇಕೇ ಹೊರತು ಅದನ್ನು ಹರಿದು ಒಳಗೆ ಇಳಿಯಬಾರದು. ನಲ್ಲಿಯನ್ನು ಡ್ರಮ್ಮಿನ ತಳದಿಂದ ಒಂದು ಗೇಣು ಮೇಲೆ ಕೂರಿಸಿದರೆ ಅಡಿಯಲ್ಲಿ ಕುಳಿತ ಕೆಸರು ಪೈಪಿಗೆ ಬರುವುದಿಲ್ಲ. ಆ ಕೆಸರನ್ನು ಮಳೆಗಾಲಕ್ಕೆ ಮುಂಚೆ ಬಗ್ಗಿಸಿ ತೆಂಗಿನ ಬುಡಕ್ಕೆ ಹಾಕಿ.